ಅಸ್ಥಿಪಂಜರಗಳ ಕುಣಿತ: ಐದೂವರೆ ನಿಮಿಷದ ಚಿತ್ರದ ಬಗ್ಗೆ ಇಷ್ಟೊಂದು ಭಿನ್ನಾಭಿಪ್ರಾಯ ಯಾಕೆ?

ಅಮೆರಿಕದಲ್ಲಿ ಪ್ರತಿ ಜನವರಿ 1ರಂದು ಒಂದು ಇಡೀ ವರ್ಷದ ಹಳೆಯ ಕೃತಿಗಳು ಹಕ್ಕುಸ್ವಾಮ್ಯದಿಂದ ಬಿಡುಗಡೆಯಾಗುತ್ತವೆ. 2024ರಲ್ಲಿ ಮಿಕ್ಕಿ ಮೌಸ್‌ನ ‘ಸ್ಟೀಮ್‌ಬೋಟ್ ವಿಲ್ಲಿ’ ಹೀಗೆ ಬಿಡುಗಡೆಯಾದಾಗ ದೊಡ್ಡ ಸುದ್ದಿಯಾಯಿತು. 2025ರಲ್ಲಿ ಡಿಸ್ನಿಯದೇ ‘ದಿ ಸ್ಕೆಲಿಟನ್ ಡ್ಯಾನ್ಸ್’ (1929), ಅಂದರೆ ಅಸ್ಥಿಪಂಜರಗಳ ಕುಣಿತ ಎಂಬ ಕಾರ್ಟೂನ್, ಹೊರಬಂತು. 2026ರಲ್ಲಿ 1930ರ ಕೃತಿಗಳ ಸರದಿ, ಅದರ ಜೊತೆ ಬೆಟ್ಟಿ ಬೂಪ್ ಎಂಬ ಕಾರ್ಟೂನ್ ಪಾತ್ರ ಮೊದಲ ಬಾರಿ ಕಾಣಿಸಿಕೊಂಡ ಚಿತ್ರವೂ ಬಂತು. ಇದರ ಮೊದಲ ಪರಿಣಾಮ ಕಣ್ಣಿಗೇ ಕಾಣುತ್ತದೆ: ಒಂದೇ ಚಿತ್ರದ ಹತ್ತಾರು ಪ್ರತಿಗಳು ಈಗ ಅಂತರ್ಜಾಲದಲ್ಲಿವೆ. ಕಪ್ಪುಬಿಳುಪಿನವು, ಬಣ್ಣ ಹಚ್ಚಿದವು, ‘4ಕೆ’ ಎಂದು ಬರೆದುಕೊಂಡವು, ಹೊಸ ಸಂಗೀತ ಕೂಡಿಸಿದವು.

‘ಸ್ಕೆಲಿಟನ್ ಡ್ಯಾನ್ಸ್’ ನೋಡಿದವರ ಮಾತುಗಳು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಥೆಯೇ ಇಲ್ಲ, ಕುಣಿದದ್ದನ್ನೇ ಕುಣಿಯುತ್ತವೆ ಎನ್ನುವವರಿದ್ದಾರೆ. ತೊಂಬತ್ತು ವರ್ಷ ದಾಟಿದರೂ ಬೆರಗು ಹುಟ್ಟಿಸುತ್ತದೆ ಎನ್ನುವವರೂ ಇದ್ದಾರೆ. ಮಕ್ಕಳಿಗೆ ತೋರಿಸಬಾರದು ಎಂಬುದು ಮೂರನೆಯ ಗುಂಪಿನ ಮಾತು. ಎಲ್ಲಕ್ಕಿಂತ ವಿಚಿತ್ರವಾದ ದೂರು ನಾಲ್ಕನೆಯದು: ಕುಣಿತಕ್ಕೂ ಸಂಗೀತಕ್ಕೂ ಹೊಂದಿಕೆಯೇ ಇಲ್ಲ ಎಂಬುದು. ಈ ಚಿತ್ರ ಚರಿತ್ರೆಯಲ್ಲಿ ಉಳಿದಿರುವುದೇ ಆ ಹೊಂದಿಕೆಯ ಕಾರಣಕ್ಕೆ. ಹಾಗಿದ್ದ ಮೇಲೆ ಈ ದೂರು ಎಲ್ಲಿಂದ ಬಂತು? ದೂರು ಕೊಟ್ಟವರು ಸುಳ್ಳು ಹೇಳುತ್ತಿಲ್ಲ. ಅವರು ನೋಡಿದ ಪ್ರತಿಯಲ್ಲಿ ನಿಜಕ್ಕೂ ಹೊಂದಿಕೆ ತಪ್ಪಿದೆ. ಚಿತ್ರದ ಬಗೆಗಿನ ಜಗಳದಲ್ಲಿ ದೊಡ್ಡ ಪಾಲು ಪ್ರತಿಗಳ ಜಗಳ. ಅದನ್ನು ಬಿಡಿಸಿ ನೋಡದೆ ಯಾರ ಅಭಿಪ್ರಾಯ ಸರಿ ಎಂದು ತೂಗುವುದಕ್ಕೆ ಆಗುವುದಿಲ್ಲ.

## ಚಿತ್ರದಲ್ಲಿ ಏನಿದೆ

ನಡುರಾತ್ರಿ, ಚರ್ಚಿನ ಪಕ್ಕದ ಸ್ಮಶಾನ. ಗಾಳಿ, ಗೂಬೆ, ಬಾವಲಿಗಳು, ಊಳಿಡುವ ನಾಯಿ, ಗೋರಿಕಲ್ಲುಗಳ ಮೇಲೆ ಜಗಳಕ್ಕೆ ನಿಂತ ಎರಡು ಕರಿಬೆಕ್ಕುಗಳು. ಸುಮಾರು ಒಂದು ನಿಮಿಷ ಇಷ್ಟೇ. ಆಮೇಲೆ ಒಂದು ಅಸ್ಥಿಪಂಜರ ಎದ್ದು ಬರುತ್ತದೆ, ಹೆದರಿಸಿದ ಗೂಬೆಗೆ ತನ್ನ ತಲೆಬುರುಡೆಯನ್ನೇ ಕಿತ್ತು ಎಸೆಯುತ್ತದೆ. ಬಳಿಕ ನಾಲ್ಕು ಅಸ್ಥಿಪಂಜರಗಳು ಸಾಲುಗಟ್ಟಿ ಕುಣಿಯುತ್ತವೆ. ಒಂದು ಇನ್ನೊಂದರ ಎಲುಬುಗಳನ್ನೇ ಬಾರಿಸಿ ಕ್ಸೈಲೋಫೋನ್ (ಮರದ ಪಟ್ಟಿಗಳನ್ನು ಬಾರಿಸುವ ವಾದ್ಯ) ಮಾಡಿಕೊಳ್ಳುತ್ತದೆ, ಮತ್ತೊಂದು ಬೆಕ್ಕನ್ನು ತಂತಿವಾದ್ಯದಂತೆ ನುಡಿಸುತ್ತದೆ. ಕೋಳಿ ಕೂಗಿದ ಕೂಡಲೇ ಎಲ್ಲವೂ ಕಲಸಿಹೋಗಿ ಒಂದೇ ಮುದ್ದೆಯಾಗಿ ಗೋರಿಯೊಳಗೆ ನುಗ್ಗುತ್ತವೆ.

ಇಷ್ಟು ಬಿಟ್ಟರೆ ಕಥೆ ಇಲ್ಲ. ಇರಬೇಕೆಂದು ಮಾಡಿದವರಿಗೂ ಅನ್ನಿಸಿರಲಿಲ್ಲ. ಇದರ ಸಂಗೀತಗಾರ ಕಾರ್ಲ್ ಸ್ಟಾಲಿಂಗ್ ಮೊದಲು ಕ್ಯಾನ್ಸಾಸ್ ಸಿಟಿಯ ಚಿತ್ರಮಂದಿರದಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದವರು. ಪರದೆಯ ಮೇಲೆ ನಡೆಯುವುದಕ್ಕೆ ತಕ್ಕಂತೆ ಸಂಗೀತ ಹೊಂದಿಸುವುದು ಅವರ ದಿನನಿತ್ಯದ ಕೆಲಸವಾಗಿತ್ತು. ಮಿಕ್ಕಿ ಚಿತ್ರಗಳಲ್ಲಿ ವಾಲ್ಟ್ ಡಿಸ್ನಿ ಅದನ್ನೇ ಬಯಸಿದರು: ಕ್ರಿಯೆ ಮೊದಲು, ಸಂಗೀತ ಅದರ ಹಿಂದೆ. ಸ್ಟಾಲಿಂಗ್‌ಗೆ ಇದರ ತಿರುಗುಮುರುಗು ಬೇಕಾಗಿತ್ತು. ಇಬ್ಬರೂ ಒಪ್ಪಿಕೊಂಡ ದಾರಿಯೆಂದರೆ ಎರಡು ಬೇರೆ ಸರಣಿಗಳು. ಸಂಗೀತವೇ ಮುಂದಾಳಾಗುವ ಸರಣಿಗೆ ‘ಸಿಲ್ಲಿ ಸಿಂಫನಿ’ ಎಂಬ ಹೆಸರು ಬಂತು, ಅದರ ಮೊದಲ ಚಿತ್ರ ಇದು. 1939ರವರೆಗೆ ಆ ಸರಣಿಯಲ್ಲಿ 75 ಚಿತ್ರಗಳು ಬಂದವು. ಹೀಗಾಗಿ ಇದನ್ನು ಕಥೆಯೆಂದು ನೋಡಲು ಕುಳಿತವರಿಗೆ ನಿರಾಸೆ ಖಂಡಿತ. ತಿಲ್ಲಾನದಲ್ಲಿ ಸಾಹಿತ್ಯ ಹುಡುಕಿದಂತಾಗುತ್ತದೆ.

## ಎಣಿಕೆಯ ಮೇಲೆ ಕಟ್ಟಿದ ಕುಣಿತ

ಧ್ವನಿಚಿತ್ರ ಸೆಕೆಂಡಿಗೆ 24 ಫ್ರೇಮ್‌ಗಳ, ಅಂದರೆ ಫಿಲ್ಮಿನ 24 ಬಿಡಿಚಿತ್ರಗಳ, ವೇಗದಲ್ಲಿ ಓಡುತ್ತದೆ. ಅಂದರೆ ಒಂದು ಫ್ರೇಮ್‌ಗೆ ಸುಮಾರು 42 ಮಿಲಿಸೆಕೆಂಡ್. ಕಾರ್ಟೂನ್ ಸಂಗೀತದ ಇಡೀ ವ್ಯಾಕರಣ ಈ ಲೆಕ್ಕದ ಮೇಲೆ ನಿಂತಿದೆ. ಪ್ರತಿ 12 ಫ್ರೇಮ್‌ಗೆ ತಾಳದ ಒಂದು ಎಣಿಕೆ ಬಿದ್ದರೆ ನಿಮಿಷಕ್ಕೆ 120 ಎಣಿಕೆ. 10 ಫ್ರೇಮ್‌ಗೆ ಒಂದಾದರೆ 144, 8ಕ್ಕೆ ಒಂದಾದರೆ 180. ಕಾಲಪ್ರಮಾಣ ಮೊದಲು ಗೊತ್ತಾದರೆ ಯಾವ ಫ್ರೇಮ್‌ನಲ್ಲಿ ಪಾದ ನೆಲಕ್ಕೆ ತಾಗಬೇಕು ಎಂಬುದು ಚಿತ್ರ ಬರೆಯುವ ಮೊದಲೇ ಗೊತ್ತಾಗುತ್ತದೆ.

ಕೆಲಸ ಈ ಕ್ರಮದಲ್ಲಿ ಸಾಗುತ್ತದೆ. ಸಂಗೀತದ ಆವರ್ತಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಗುರುತು ಮಾಡಿ, ಪ್ರತಿ ಎಣಿಕೆಯ ಕೆಳಗೆ ಏನು ನಡೆಯಬೇಕೆಂದು ಬರೆಯುತ್ತಾರೆ. ಅದನ್ನು ಫ್ರೇಮ್ ಲೆಕ್ಕಕ್ಕೆ ಇಳಿಸಿದ ಇನ್ನೊಂದು ಹಾಳೆ ಕಲಾವಿದನಿಗೂ ಕ್ಯಾಮೆರಾದವನಿಗೂ ಹೋಗುತ್ತದೆ. ಚಿತ್ರೀಕರಣ ಮುಗಿದ ಮೇಲೆ ವಾದ್ಯವೃಂದ ಅದೇ ಎಣಿಕೆಗೆ ನುಡಿಸಬೇಕು. ಇಲ್ಲೇ ಎಡವಟ್ಟಾಗುವುದು: ಮನುಷ್ಯರು ನುಡಿಸುವಾಗ ಲಯ ತುಸು ಓಡುತ್ತದೆ, ತುಸು ಎಳೆಯುತ್ತದೆ. ಇದಕ್ಕೆ ಸ್ಟಾಲಿಂಗ್ ನಂತರದ ಸಂದರ್ಶನದಲ್ಲಿ ಹೇಳಿದ ಪರಿಹಾರ ಸರಳವಾದದ್ದು. 8, 10 ಅಥವಾ 12 ಫ್ರೇಮ್‌ಗೊಮ್ಮೆ ‘ಟಿಕ್’ ಎನ್ನುವ ಸದ್ದನ್ನು ಮೊದಲೇ ಮುದ್ರಿಸಿ, ಪ್ರತಿ ವಾದಕನ ಒಂದು ಕಿವಿಗೆ ಅದನ್ನು ಕೇಳಿಸುವುದು. ಇವತ್ತು ಎಲ್ಲ ಸ್ಟುಡಿಯೋಗಳಲ್ಲೂ ಬಳಕೆಯಲ್ಲಿರುವ ‘ಕ್ಲಿಕ್ ಟ್ರ್ಯಾಕ್’ನ ಆರಂಭದ ರೂಪ ಇದು. ನಟ್ಟುವಾಂಗದ ತಾಳ ನರ್ತಕಿಗೂ ಮೃದಂಗದವರಿಗೂ ಒಂದೇ ಆಗಿರುವಂತೆ, ಇಲ್ಲಿ ಕಾಗದದ ಮೇಲಿನ ಎಲುಬಿಗೂ ವಾದ್ಯವೃಂದಕ್ಕೂ ಒಂದೇ ಎಣಿಕೆ.

ಕುಣಿದದ್ದನ್ನೇ ಕುಣಿಯುತ್ತವೆ ಎಂಬ ದೂರಿಗೂ ಉತ್ತರ ಇದೇ ಲೆಕ್ಕದಲ್ಲಿದೆ. ಐದೂವರೆ ನಿಮಿಷಕ್ಕೆ 7,920 ಫ್ರೇಮ್. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ನಾಲ್ಕು ಸಾವಿರದಷ್ಟು ಚಿತ್ರ ಬೇಕು. ಅದರಲ್ಲಿ ಬಹುಪಾಲನ್ನು ಡಿಸ್ನಿಯ ಕಲಾವಿದ ಅಬ್ ಐವರ್ಕ್ಸ್ ಒಬ್ಬರೇ ಬರೆದರು. ಮುಖ್ಯ ಭಂಗಿಗಳನ್ನಷ್ಟೇ ಬರೆದು ನಡುವಿನವನ್ನು ಸಹಾಯಕರಿಗೆ ಬಿಡಬೇಕೆಂದು ಡಿಸ್ನಿ ಒತ್ತಾಯಿಸಿದರೂ ಐವರ್ಕ್ಸ್ ಒಪ್ಪಲಿಲ್ಲ. ನಾಲ್ಕೆಣಿಕೆಯ ಒಂದು ಆವರ್ತಕ್ಕೆ 12 ಫ್ರೇಮ್ ಲೆಕ್ಕದಲ್ಲಿ 48 ಫ್ರೇಮ್, ಅಂದರೆ 24 ಚಿತ್ರ. ರಾಗದ ಸಾಲು ಮರಳಿ ಬಂದಾಗ ಆ 24 ಚಿತ್ರಗಳನ್ನೇ ಮತ್ತೆ ಕ್ಯಾಮೆರಾದ ಕೆಳಗಿಟ್ಟರೆ ಸಂಗೀತಕ್ಕೂ ಸರಿ, ಶ್ರಮಕ್ಕೂ ಸರಿ. ಪಲ್ಲವಿಗೆ ಮರಳಿದಂತೆ ಕಣ್ಣೂ ಮರಳುತ್ತದೆ. ಆದರೂ ದೂರನ್ನು ಪೂರ್ತಿ ತಳ್ಳಿಹಾಕಲಾಗದು. ನಡುವಿನ ಗುಂಪುಕುಣಿತದಲ್ಲಿ ಮರುಬಳಕೆ ಅತಿಯಾಗಿದೆ, ಹೊಸ ಚಮತ್ಕಾರವಿಲ್ಲದೆ ಹೆಜ್ಜೆಗಳು ಸುತ್ತುತ್ತವೆ. ಚಿತ್ರದ ಜೀವ ಇರುವುದು ಬಿಡಿಯಾದ ಕುಣಿತಗಳಲ್ಲಿ, ಎಲುಬು ಬಾರಿಸುವ ದೃಶ್ಯದಲ್ಲಿ, ಅಸ್ಥಿಪಂಜರ ನೋಡುಗನ ಕಡೆಗೇ ಬಾಯ್ತೆರೆದು ಬರುವ ಆ ಒಂದು ಕ್ಷಣದಲ್ಲಿ.

ಸಂಗೀತದ ಬಗ್ಗೆ ಒಂದು ತಪ್ಪು ತಿಳಿವಳಿಕೆಯೂ ಬಹಳ ಕಾಲದಿಂದ ಓಡಾಡುತ್ತಿದೆ. ಇದು ಫ್ರೆಂಚ್ ಸಂಗೀತಗಾರ ಸಾಂ-ಸಾನ್ಸ್ ಅವರ 1874ರ ಮೃತ್ಯುನೃತ್ಯದ ಕೃತಿ ಎಂದು ಅನೇಕರು ಬರೆಯುತ್ತಾರೆ. ವಿಷಯ ಹೊಂದುತ್ತದೆ, ಸಂಗೀತ ಅದಲ್ಲ. ಇದರಲ್ಲಿರುವುದು ಸ್ಟಾಲಿಂಗ್ ಅವರ ಸ್ವಂತ ರಚನೆ. ಅದರೊಳಗೆ ನಾರ್ವೆಯ ಎಡ್ವರ್ಡ್ ಗ್ರೀಗ್ ಅವರ 1891ರ ‘ಟ್ರೋಲ್ಟೋಗ್’ ಎಂಬ ಪಿಯಾನೋ ಕೃತಿಯ ಭಾಗ ಸೇರಿದೆ.

## ಪ್ರತಿ ಕೆಡುವುದು ಹೇಗೆ

ಹೊಂದಿಕೆಯೇ ಇಲ್ಲ ಎನ್ನುವ ದೂರಿಗೆ ಈಗ ಬರೋಣ. ಒಂದೊಂದು ಫ್ರೇಮ್‌ನ ಲೆಕ್ಕದಲ್ಲಿ ಕಟ್ಟಿದ ಚಿತ್ರ ಮೂರು ನಾಲ್ಕು ಫ್ರೇಮ್ ತಪ್ಪಿದರೂ ಸಡಿಲವಾಗುತ್ತದೆ. ಮಾತಿನ ಸಿನಿಮಾದಲ್ಲಿ ಅಷ್ಟು ತಪ್ಪಿದ್ದನ್ನು ಬಹಳ ಜನ ಗಮನಿಸುವುದೇ ಇಲ್ಲ. ಇಲ್ಲಿ ಎಲುಬು ಎಲುಬಿಗೆ ತಾಗುವುದೂ ‘ಟಕ್’ ಎನ್ನುವುದೂ ಬೇರೆಬೇರೆಯಾದರೆ ನಗುವೇ ಸತ್ತುಹೋಗುತ್ತದೆ.

ಮೊದಲ ತಪ್ಪು ಹಳೆಯ ಫಿಲ್ಮಿನಿಂದ ಪ್ರತಿ ಮಾಡುವಾಗ ಆಗುತ್ತದೆ. ಪ್ರೊಜೆಕ್ಟರಿನ ಬಾಗಿಲಲ್ಲಿ ಫಿಲ್ಮು ಒಂದೊಂದು ಫ್ರೇಮ್‌ಗೂ ನಿಂತು ನಿಂತು ಚಲಿಸುತ್ತದೆ. ಧ್ವನಿ ಓದುವ ಜಾಗದಲ್ಲಿ ಅದು ಎಡೆಬಿಡದೆ ಸಮನಾಗಿ ಹರಿಯಬೇಕು. ಎರಡೂ ಒಂದೇ ಜಾಗದಲ್ಲಿ ಆಗುವುದಿಲ್ಲವಾದ್ದರಿಂದ 35 ಮಿ.ಮೀ. ಫಿಲ್ಮಿನಲ್ಲಿ ಧ್ವನಿಯನ್ನು ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದಕ್ಕೆ ಮುದ್ರಿಸುತ್ತಾರೆ, 16 ಮಿ.ಮೀ.ನಲ್ಲಿ 26 ಫ್ರೇಮ್. ಚಿತ್ರವನ್ನೂ ಧ್ವನಿಯನ್ನೂ ಬೇರೆಬೇರೆಯಾಗಿ ಸ್ಕ್ಯಾನ್ ಮಾಡಿ ಜೋಡಿಸುವಾಗ ಈ ಅಂತರವನ್ನು ಸರಿಪಡಿಸದಿದ್ದರೆ 20 ಫ್ರೇಮ್, ಅಂದರೆ ಮುಕ್ಕಾಲು ಸೆಕೆಂಡಿಗೂ ಹೆಚ್ಚು ವ್ಯತ್ಯಾಸ ಉಳಿಯುತ್ತದೆ. 12 ಫ್ರೇಮ್‌ನ ಎಣಿಕೆಯಲ್ಲಿ ಅದು ಒಂದೂವರೆ ಎಣಿಕೆಯನ್ನೂ ಮೀರಿದ ತಪ್ಪು.

ಎರಡನೆಯದು ವೇಗ. ಭಾರತದ ಹಳೆಯ ಟಿವಿ ಪ್ರಸಾರ, ವಿಡಿಯೋ ಕ್ಯಾಸೆಟ್, ಅನೇಕ ಡಿವಿಡಿಗಳು ಪಾಲ್ (PAL) ಎಂಬ ಟಿವಿ ಪದ್ಧತಿಯವು, ಸೆಕೆಂಡಿಗೆ 25 ಫ್ರೇಮ್. 24ರ ಚಿತ್ರವನ್ನು 25ಕ್ಕೆ ಓಡಿಸುವುದೇ ಅಲ್ಲಿನ ರೂಢಿ. ಅದರಿಂದ ಚಿತ್ರ ನೂರಕ್ಕೆ ನಾಲ್ಕರಷ್ಟು ವೇಗವಾಗುತ್ತದೆ. ಐದೂವರೆ ನಿಮಿಷದ ಚಿತ್ರ 5 ನಿಮಿಷ 17 ಸೆಕೆಂಡಿಗೆ ಮುಗಿಯುತ್ತದೆ, 120ರ ಕಾಲಪ್ರಮಾಣ 125 ಆಗುತ್ತದೆ, ಶ್ರುತಿ ಒಂದು ಸ್ವರಸ್ಥಾನದ ಮುಕ್ಕಾಲಿನ ಹತ್ತಿರ ಏರುತ್ತದೆ. ಹೊಂದಿಕೆ ಇಲ್ಲಿ ತಪ್ಪುವುದಿಲ್ಲ, ಆದರೆ ಸ್ಮಶಾನದ ಆ ಮಂದವಾದ ಭಯ ಚುರುಕಾಗಿ, ಹಗುರಾಗಿಬಿಡುತ್ತದೆ. ಹಳೆಯ ಡಿವಿಡಿಯಿಂದ ತೆಗೆದ ಪ್ರತಿಗಳಲ್ಲಿ ಈ ದೋಷ ಹಾಗೇ ಉಳಿದಿರುತ್ತದೆ.

ಮೂರನೆಯದು ಈಚಿನ ಖಾಯಿಲೆ, ಹೆಚ್ಚು ಹಾನಿ ಮಾಡುತ್ತಿರುವುದೂ ಅದೇ. ‘60 ಎಫ್‌ಪಿಎಸ್’ (ಸೆಕೆಂಡಿಗೆ 60 ಫ್ರೇಮ್) ಎಂದು ಹಣೆಪಟ್ಟಿ ಹಚ್ಚಿದ ಪ್ರತಿಗಳಲ್ಲಿ ಕಂಪ್ಯೂಟರು ಎರಡು ಚಿತ್ರಗಳ ನಡುವೆ ತಾನೇ ಹೊಸ ಚಿತ್ರಗಳನ್ನು ಊಹಿಸಿ ತುರುಕುತ್ತದೆ. ನಿಜವಾದ ಮನುಷ್ಯರ ಚಲನೆಗೆ ಇದು ತಕ್ಕಮಟ್ಟಿಗೆ ಹೊಂದೀತು. ಐವರ್ಕ್ಸ್ ಕುಣಿತದಲ್ಲಿ ಮಾತ್ರ ಒಂದು ಭಂಗಿಯಿಂದ ಇನ್ನೊಂದಕ್ಕೆ ಥಟ್ಟನೆ ಜಿಗಿಯುವುದೇ ಲಯದ ಪೆಟ್ಟು. ಆ ಜಿಗಿತದ ನಡುವೆ ಮೆತ್ತನೆಯ ಚಿತ್ರಗಳು ಸೇರಿಕೊಂಡರೆ ಪೆಟ್ಟು ಕರಗಿಹೋಗುತ್ತದೆ, ಎಲುಬುಗಳು ನೀರಿನಲ್ಲಿ ತೇಲಿದಂತೆ ಕಾಣುತ್ತವೆ. ಸಂಗೀತ ಎಣಿಕೆಯ ಮೇಲೆ ಬೀಳುತ್ತದೆ, ಕಾಲು ಎಣಿಕೆಯ ಸುತ್ತ ಜಾರುತ್ತದೆ. ನೋಡುಗನಿಗೆ ಕಾರಣ ಗೊತ್ತಾಗುವುದಿಲ್ಲ, ಏನೋ ಸರಿಯಿಲ್ಲ ಎನ್ನಿಸುತ್ತದೆ ಅಷ್ಟೆ. ಹೊಸ ಟಿವಿಗಳು ಇದೇ ಕೆಲಸವನ್ನು ಕೇಳದೆಯೇ ಮಾಡುತ್ತವೆ, ಒಳ್ಳೆಯ ಪ್ರತಿಯನ್ನು ಹಾಕಿದರೂ.

ಉಳಿದವು ಚಿಕ್ಕವು. ಹಿಸ್ ಸದ್ದು ತೆಗೆಯುವ ಭರದಲ್ಲಿ ಎಲುಬಿನ ಚೂಪಾದ ಸದ್ದನ್ನೂ ಒರೆಸಿಬಿಡುತ್ತಾರೆ. ಅಗಲ ಪರದೆಗೆ ತುಂಬಿಸಲು ಮೇಲೆಕೆಳಗೆ ಕತ್ತರಿಸಿದರೆ ಎತ್ತರದ ನಾಲ್ಕನೇ ಒಂದು ಭಾಗ ಹೋಗುತ್ತದೆ, ಕುಣಿತದಲ್ಲಿ ಪಾದಗಳೇ ಕಾಣದಂತಾಗುತ್ತವೆ. ಕತ್ತರಿಸದೆ ಎಳೆದರೆ ಅಸ್ಥಿಪಂಜರಗಳು ಮೂರನೇ ಒಂದು ಭಾಗದಷ್ಟು ದಪ್ಪಗಾಗುತ್ತವೆ. ಬಣ್ಣ ಹಚ್ಚಿದ ಪ್ರತಿಯಲ್ಲಿ ಕಪ್ಪು ಆಕಾಶದ ಎದುರು ಬೆಳ್ಳಗೆ ಹೊಳೆಯಬೇಕಾದ ಎಲುಬು ಮಾಸಲು ಹಳದಿಯಾಗಿ ಹಿನ್ನೆಲೆಯಲ್ಲಿ ಮುಳುಗುತ್ತದೆ. ಪ್ರತಿಯ ಪ್ರತಿ, ಅದರ ಪ್ರತಿ ಎಂದು ಇಳಿದುಬಂದವುಗಳಲ್ಲಿ ಬೂದುಬಣ್ಣಗಳೆಲ್ಲ ಅಳಿಸಿ ಕಪ್ಪು ಬಿಳುಪು ಎರಡೇ ಉಳಿದು, ಹಿಂದಿನ ಗೋರಿಗಳು ಮಾಯವಾಗಿರುತ್ತವೆ.

## ಪರೀಕ್ಷಿಸುವ ಬಗೆ

ಎಲುಬು ಬಾರಿಸುವ ದೃಶ್ಯವನ್ನೇ ಹಿಡಿಯಿರಿ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ಚಿತ್ರವನ್ನು ನಿಲ್ಲಿಸಿ, ಕೀಲಿಮಣೆಯ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿಗಳನ್ನು ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆಮುಂದೆ ಹೋಗಬಹುದು. ಒಂದೇ ಚಿತ್ರ ಎರಡೆರಡು ಫ್ರೇಮ್ ನಿಂತು ಆಮೇಲೆ ಥಟ್ಟನೆ ಬದಲಾದರೆ ಪ್ರತಿ ಮೂಲಕ್ಕೆ ಹತ್ತಿರ. ಕೈಕಾಲುಗಳ ಪಕ್ಕ ನೆರಳಿನಂಥ ಇನ್ನೊಂದು ಕೈಕಾಲು ಕಂಡರೆ ನಡುವೆ ಚಿತ್ರ ತುರುಕಿದ್ದಾರೆ ಎಂದರ್ಥ. ಒಟ್ಟು ಅವಧಿ ಐದೂಕಾಲು ನಿಮಿಷದ ಆಸುಪಾಸಿನಲ್ಲಿದ್ದು ಮೊದಲಿನ, ಕೊನೆಯ ಫಲಕಗಳು ಪೂರ್ತಿ ಇದ್ದರೆ ಪಾಲ್ ವೇಗವೆಂದು ಅನುಮಾನಿಸಬಹುದು.

ಟಿವಿಯಲ್ಲಿ ನೋಡುವುದಾದರೆ ಚಿತ್ರದ ಸೆಟಿಂಗ್‌ನಲ್ಲಿ ಮೋಷನ್ ಸ್ಮೂತಿಂಗ್ ಅನ್ನು, ಅಂದರೆ ನಡುವೆ ಚಿತ್ರ ತುರುಕುವ ಸೌಲಭ್ಯವನ್ನು, ಆಫ್ ಮಾಡಬೇಕು. ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತದೆ. ಸಿಗದಿದ್ದರೆ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಆರಿಸಿದರೂ ಬಹುತೇಕ ಸರಿಹೋಗುತ್ತದೆ. ಚಿತ್ರದ ಅನುಪಾತ 4:3ರಲ್ಲೇ ಇರಲಿ, ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಬರಲಿ. ಬ್ಲೂಟೂತ್ ಇಯರ್‌ಫೋನ್ ತೆಗೆದಿಡಿ. ಅದರ ವಿಳಂಬ 100ರಿಂದ 200 ಮಿಲಿಸೆಕೆಂಡ್ ಇರುವುದು ಸಾಮಾನ್ಯ. ಕೆಲವು ಆ್ಯಪ್‌ಗಳು ಇದನ್ನು ಸರಿದೂಗಿಸುತ್ತವೆ, ಸರಿದೂಗಿಸದಿದ್ದರೆ ಎರಡೂವರೆಯಿಂದ ಐದು ಫ್ರೇಮ್ ತಪ್ಪು ನಿಮ್ಮ ಕಿವಿಯಲ್ಲೇ ಹುಟ್ಟುತ್ತದೆ.

## ಮಕ್ಕಳು, ಭಯ, ಕ್ರೌರ್ಯ

ಪ್ರತಿಯನ್ನು ಸರಿಮಾಡಿದರೂ ಉಳಿಯುವ ಭಿನ್ನಾಭಿಪ್ರಾಯಗಳಿವೆ, ಅವು ನಿಜವಾದವು. ಭಯದ ಪ್ರಶ್ನೆ ಅದರಲ್ಲಿ ಮೊದಲನೆಯದು, ಅದು ಹೊಸದೇನಲ್ಲ. 1929ರಲ್ಲೇ ವಿತರಣೆಯವರು ಈ ಚಿತ್ರ ನೋಡಿ ಹಿಂಜರಿದು, ಇದು ಬೇಡ, ಇಲಿಯದೇ ಇನ್ನಷ್ಟು ಕಳಿಸಿ ಎಂದಿದ್ದರೆಂಬುದು ಡಿಸ್ನಿ ಚರಿತ್ರೆಯಲ್ಲಿ ಪ್ರಸಿದ್ಧವಾದ ಮಾತು. ಲಾಸ್ ಏಂಜಲೀಸ್‌ನ ಕಾರ್ಥೆ ಸರ್ಕಲ್, ನ್ಯೂಯಾರ್ಕ್‌ನ ರಾಕ್ಸಿ ಚಿತ್ರಮಂದಿರಗಳಲ್ಲಿ ಪ್ರೇಕ್ಷಕರು ಮೆಚ್ಚಿದ ಮೇಲೆಯೇ ಅದಕ್ಕೆ ದಾರಿ ತೆರೆದದ್ದು. ಕೊಲಂಬಿಯಾ ಕಂಪನಿ ಸರಣಿಯ ವಿತರಣೆ ವಹಿಸಿಕೊಂಡಿತು. ಆಗ ಇಂಥ ಚಿತ್ರಗಳನ್ನು ನೋಡುತ್ತಿದ್ದವರು ಮುಖ್ಯ ಸಿನಿಮಾಕ್ಕೆ ಬಂದ ದೊಡ್ಡವರು. ಕಾರ್ಟೂನೆಂದರೆ ಮಕ್ಕಳದ್ದು ಎಂಬ ಭಾವನೆ ಬಲವಾದದ್ದು ಟಿವಿ ಬಂದ ಮೇಲೆ. ಆ ಭಾವನೆಯಿಟ್ಟುಕೊಂಡು ನೋಡಿದರೆ ಗೋರಿ, ಬುರುಡೆ, ಕತ್ತಲು ಖಂಡಿತ ತಪ್ಪಾಗಿ ಕಾಣುತ್ತವೆ.

ಸಾವಿನ ಕುಣಿತದ ಚಿತ್ರಣ ಯುರೋಪಿನಲ್ಲಿ 15ನೇ ಶತಮಾನದಿಂದಲೂ ಚರ್ಚುಗಳ ಗೋಡೆಗಳ ಮೇಲಿತ್ತು. ರಾಜ, ಪಾದ್ರಿ, ರೈತ ಎಲ್ಲರ ಕೈಹಿಡಿದು ಅಸ್ಥಿಪಂಜರಗಳು ಕುಣಿಯುವ ಆ ಚಿತ್ರಗಳು ಅಲ್ಲಿನ ನೋಡುಗರಿಗೆ ಪರಿಚಿತವಾಗಿದ್ದವು. ನಮ್ಮಲ್ಲಿ ಆ ಪರಂಪರೆಯ ನೆನಪಿಲ್ಲ. ಗೂಬೆ ಅಪಶಕುನ, ನಾಯಿ ಊಳಿಟ್ಟರೆ ಕೇಡು ಎಂಬುದಷ್ಟೇ ಎರಡೂ ಕಡೆ ಸಮಾನ. ಹಾಗಾಗಿ ಕನ್ನಡದ ನೋಡುಗನಿಗೆ ಆರಂಭದ ಒಂದು ನಿಮಿಷ ಸುಲಭವಾಗಿ ತಟ್ಟುತ್ತದೆ, ಆಮೇಲಿನ ತಮಾಷೆ ಅಷ್ಟು ಬೇಗ ಒಗ್ಗುವುದಿಲ್ಲ. ಚಿಕ್ಕ ಮಕ್ಕಳಿಗೆ ತೋರಿಸುವವರು ಕುಣಿತದಿಂದ ಆರಂಭಿಸಿ, ಮೊದಲ ನಿಮಿಷವನ್ನು ಆಮೇಲೆ ತೋರಿಸಿದರೆ ಹೆದರಿಕೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಪ್ರಾಣಿಗಳನ್ನು ವಾದ್ಯ ಮಾಡಿಕೊಳ್ಳುವ ಹಾಸ್ಯದ ವಿಷಯ ಇನ್ನೂ ಕಠಿಣ. ‘ಸ್ಟೀಮ್‌ಬೋಟ್ ವಿಲ್ಲಿ’ಯಲ್ಲಿ ಮಿಕ್ಕಿ ಬೆಕ್ಕಿನ ಬಾಲ ಎಳೆಯುತ್ತಾನೆ, ಹಸುವಿನ ಹಲ್ಲು ಬಾರಿಸುತ್ತಾನೆ, ಹಾಲು ಕುಡಿಯುತ್ತಿರುವ ಹಂದಿಮರಿಗಳನ್ನೂ ಬಿಡುವುದಿಲ್ಲ. ಹಂದಿಯ ಆ ಭಾಗವನ್ನು ಟಿವಿ, ವಿಡಿಯೋ ಪ್ರತಿಗಳಲ್ಲಿ ಬಹುಕಾಲ ಕತ್ತರಿಸಿದ್ದರು. ಕತ್ತರಿಸಿದ್ದನ್ನು ನೋಡಿ ಬೆಳೆದವರಿಗೆ ಮಿಕ್ಕಿ ಮುಗ್ಧ, ಪೂರ್ತಿ ನೋಡಿದವರಿಗೆ ತುಂಟ, ಸ್ವಲ್ಪ ಕ್ರೂರಿ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ.

## ಕಾನೂನು ಏನು ಬದಲಿಸಿತು, ಏನು ಬದಲಿಸಲಿಲ್ಲ

1929ರ ಚಿತ್ರಕ್ಕೆ ಅಮೆರಿಕದಲ್ಲಿ ಆಗಿನ ಕಾನೂನಿನಂತೆ 28 ವರ್ಷ, ನವೀಕರಿಸಿದರೆ ಇನ್ನೂ 28, ಒಟ್ಟು 56 ವರ್ಷದ ಹಕ್ಕಿತ್ತು. 1976ರ ಕಾನೂನು ಅದನ್ನು 75 ವರ್ಷಕ್ಕೆ, 1998ರದ್ದು 95ಕ್ಕೆ ಎಳೆಯಿತು. ಹಾಗಾಗಿ 1985ರ ಕೊನೆಗೆ ಮುಗಿಯಬೇಕಿದ್ದದ್ದು 2024ರ ಕೊನೆಗೆ ಮುಗಿಯಿತು. ಗ್ರಾಮಫೋನ್ ಮುದ್ರಿಕೆಗಳಿಗೆ ಅಲ್ಲಿ ಬೇರೆಯೇ ಅವಧಿ ಇದೆ. ಆದರೆ ಸಿನಿಮಾದ ಜೊತೆಗಿರುವ ಧ್ವನಿಯನ್ನು ಅಲ್ಲಿನ ಕಾನೂನು ಸಿನಿಮಾದ ಭಾಗವೆಂದೇ ಎಣಿಸುತ್ತದೆ, ಆದ್ದರಿಂದ ಚಿತ್ರ ಬಿಡುಗಡೆಯಾದರೆ ಅದರ ಧ್ವನಿಯೂ ಬಿಡುಗಡೆ.

ಭಾರತದಲ್ಲಿ ಸಿನಿಮಾಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಸಂಗೀತ ರಚನೆಗೆ ಮಾತ್ರ ರಚನಾಕಾರ ತೀರಿಕೊಂಡ ಮೇಲೆ 60 ವರ್ಷ. ಸ್ಟಾಲಿಂಗ್ ತೀರಿಕೊಂಡದ್ದು 1972ರಲ್ಲಿ. ಹಾಗಾದರೆ 2032ರ ತನಕ ಕಾಯಬೇಕೇ? ಬೇಕಿಲ್ಲ. ವಿದೇಶಿ ಕೃತಿಗೆ ಇಲ್ಲಿ ಸಿಗುವ ರಕ್ಷಣೆ ಅದರ ಸ್ವದೇಶದ ಅವಧಿಯನ್ನು ಮೀರುವಂತಿಲ್ಲ ಎಂದು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 40ನೇ ಕಲಮೇ ಹೇಳುತ್ತದೆ. ಜರ್ಮನಿಯಲ್ಲಿ ನೆಲೆಸಿದವರು ಮಾತ್ರ ಎಚ್ಚರದಿಂದಿರಬೇಕು. ಅಮೆರಿಕದೊಂದಿಗಿನ 1892ರ ಒಪ್ಪಂದದಿಂದಾಗಿ ಅಲ್ಲಿ ಇಂಥ ಹೋಲಿಕೆಯ ನಿಯಮ ನಡೆಯುವುದಿಲ್ಲ. ರಚನಾಕಾರ ತೀರಿಕೊಂಡ ಮೇಲೆ 70 ವರ್ಷ ಎಂಬ ಲೆಕ್ಕದಲ್ಲಿ ಹಕ್ಕು 2042ರ ತನಕ ಇದೆ ಎಂಬ ವಾದಕ್ಕೆ ಬಲವಿದೆ.

ಬಿಡುಗಡೆಯನ್ನು ಸ್ವಾಗತಿಸುವವರ ವಾದ ನೇರ: ಯಾರು ಬೇಕಾದರೂ ಶುದ್ಧಮಾಡಬಹುದು, ತರಗತಿಯಲ್ಲಿ ತೋರಿಸಬಹುದು, ಕಂಪನಿಯ ಕಪಾಟಿಗಾಗಿ ಕಾಯಬೇಕಿಲ್ಲ. ವಿರೋಧಿಸುವವರು ಅಗ್ಗದ ಭಯಾನಕ ಸಿನಿಮಾ, ಆಟಗಳ ಸುರಿಮಳೆಯನ್ನು ತೋರಿಸುತ್ತಾರೆ. 2024ರ ಜನವರಿಯಲ್ಲೇ ಮಿಕ್ಕಿಯ ಹೆಸರಿನಲ್ಲಿ ಅಂಥವುಗಳ ಘೋಷಣೆಗಳು ಬಂದೂಬಿಟ್ಟವು. ಇನ್ನೊಂದೆಡೆ ಟ್ರೇಡ್‌ಮಾರ್ಕ್‌ಗೆ ಅವಧಿಯ ಮಿತಿಯೇ ಇಲ್ಲ. ‘ಸ್ಟೀಮ್‌ಬೋಟ್ ವಿಲ್ಲಿ’ಯ ತುಣುಕನ್ನು ಡಿಸ್ನಿ ಅನಿಮೇಷನ್ ಸ್ಟುಡಿಯೋ 2007ರಿಂದ ತನ್ನ ಲಾಂಛನದಲ್ಲೇ ಬಳಸುತ್ತಿದೆ. ಅಸ್ಥಿಪಂಜರಗಳಿಗೆ ಆ ತೊಡಕಿಲ್ಲ, ಅವಕ್ಕೆ ಹೆಸರೂ ಇಲ್ಲ.

ಬಳಸುವವರಿಗೆ ಎದುರಾಗುವ ತೊಂದರೆ ಹೆಚ್ಚಾಗಿ ಕೋರ್ಟಿನದ್ದಲ್ಲ, ಯೂಟ್ಯೂಬಿನ ತಾನಾಗಿ ನಡೆಯುವ ಪರಿಶೀಲನೆಯದು. ‘ಸ್ಟೀಮ್‌ಬೋಟ್ ವಿಲ್ಲಿ’ ಬಿಡುಗಡೆಯಾದ ಹೊಸತರಲ್ಲೇ ಅದಕ್ಕೆ ಹೊಸ ಧ್ವನಿ ಕೊಟ್ಟ ನಟರೊಬ್ಬರ ವಿಡಿಯೋ ಮೇಲೆ ಡಿಸ್ನಿ ಹೆಸರಿನಲ್ಲಿ ಹಕ್ಕುದಾವೆ ಬಿದ್ದು, ಆಕ್ಷೇಪಿಸಿದ ಮೇಲೆ ಹಿಂದಕ್ಕೆ ಹೋಯಿತು. ಅದಕ್ಕೇ ಯಾವ ಪ್ರತಿಯನ್ನು ಎಲ್ಲಿಂದ, ಯಾವಾಗ ತೆಗೆದುಕೊಂಡೆವು ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬೇರೆಯವರು ಬಣ್ಣ ಹಚ್ಚಿದ, ಹೊಸ ಸಂಗೀತ ಸೇರಿಸಿದ ಪ್ರತಿಯನ್ನು ಬಳಸಬೇಡಿ. 1929ರದ್ದು ಬಿಡುಗಡೆಯಾಗಿದ್ದರೂ ಹೊಸದಾಗಿ ಸೇರಿದ್ದು ಬಿಡುಗಡೆಯಾಗಿರುವುದಿಲ್ಲ.

## ಮುಂದಿನ ಸರದಿ

1994ರಲ್ಲಿ ಅನಿಮೇಷನ್ ಕ್ಷೇತ್ರದ ಸಾವಿರ ಜನರ ಮತ ಕೇಳಿ ಮಾಡಿದ 50 ಶ್ರೇಷ್ಠ ಕಾರ್ಟೂನುಗಳ ಪಟ್ಟಿಯಲ್ಲಿ ‘ಸ್ಕೆಲಿಟನ್ ಡ್ಯಾನ್ಸ್’ 18ನೇ ಸ್ಥಾನದಲ್ಲಿತ್ತು. ಮತ ಹಾಕಿದವರು ಕಸುಬಿನವರು, ಚಿತ್ರ ಹೇಗೆ ಮೂಡಿತು ಎಂದು ಬಲ್ಲವರು. ಈಗಿನ ನೋಡುಗರ ತೀರ್ಪು ಅಷ್ಟು ಒಮ್ಮತದ್ದಾಗಿರಲಾರದು, ಏಕೆಂದರೆ ಪ್ರತಿ ವರ್ಷ ಹೊಸ ಪ್ರತಿಗಳು ಸೇರುತ್ತಲೇ ಹೋಗುತ್ತವೆ. ಹುಡುಕಿದಾಗ ಮೊದಲು ಕಾಣಿಸುವುದು ಬಣ್ಣ ಹಚ್ಚಿದ್ದೋ ನಯಗೊಳಿಸಿದ್ದೋ ಆಗಿದ್ದರೆ ಹೊಸಬರ ಮೊದಲ ಅಭಿಪ್ರಾಯ ಅದರ ಮೇಲೇ ನಿಲ್ಲುತ್ತದೆ.

2028ರ ಜನವರಿ 1ಕ್ಕೆ ಇದೇ ಸರಣಿಯ ‘ಫ್ಲವರ್ಸ್ ಅಂಡ್ ಟ್ರೀಸ್’ (1932) ಬಿಡುಗಡೆಯಾಗಲಿದೆ. ಮೂರು ಮೂಲವರ್ಣಗಳ ಟೆಕ್ನಿಕಲರ್‌ನಲ್ಲಿ ಬಂದ ಮೊದಲ ಕಾರ್ಟೂನ್ ಅದು, ಅನಿಮೇಷನ್ ಕಿರುಚಿತ್ರಕ್ಕೆ ಮೊದಲ ಆಸ್ಕರ್ ಪಡೆದದ್ದೂ ಅದೇ. ಕಪ್ಪುಬಿಳುಪಿನಲ್ಲಿ ಕಾಲಪ್ರಮಾಣ, ಅನುಪಾತ, ಧ್ವನಿ ನೋಡಿಕೊಂಡರೆ ಸಾಕಾಗಿತ್ತು. ಅಲ್ಲಿ ಎಲೆಯ ಹಸಿರು ಯಾವ ಹಸಿರು ಎಂಬ ಪ್ರಶ್ನೆಯೂ ಸೇರುತ್ತದೆ, ಅದಕ್ಕೆ ಕೀಲಿಮಣೆ ಒತ್ತಿ ಪರೀಕ್ಷೆ ಮಾಡಲಾಗುವುದಿಲ್ಲ. ಮೂಲ ನೆಗೆಟಿವ್‌ನಿಂದ ತೆಗೆದ ಒಂದು ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಬೇಕಾಗುತ್ತದೆ.